ಗಾಲಿ ಚಂದ ಆಮ್ಯಾಲೆ, ಮೊದಲ ನಟ್ಟಿನ ಸುತ್ತು ಎಣಸ್ರಿ

ಈ ಸಲ ಮಸಾಲಿ ಪುಡಿ ಇಲ್ಲ, ಸೀರಿ ಫಾಲ್ ಸುದ್ದಿ ಇಲ್ಲ, ಶ್ರಾವಣದ ಫಳಾರದ ಯಾದಿನೂ ಇಲ್ಲ. ಈ ಸಲ ಕಾರಿನ ಗಾಲಿ ಬಗ್ಗೆ ಬರೀಲಿಕತ್ತೇನಿ. ನಗಬ್ಯಾಡ್ರಿ ವೈನಿ, ಪೂರ್ತಿ ಓದಿ ಆಮ್ಯಾಲೆ ನಗ್ರಿ.

“ಅದು ಗಂಡಸೂರ ವಿಷಯ, ನಮಗ್ಯಾಕ ಬೇಕು?” ಅಂತ ಭಾಳ ಮಂದಿ ಅಂತಾರ. ಆದ್ರ ಕಾರಿನ್ಯಾಗ ಹಿಂದಿನ ಸೀಟಿನ ಮ್ಯಾಲೆ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕೂಡೂವರು ಯಾರು? ಅತ್ತಿಯವರನ್ನ ಡಾಕ್ಟರ ಕಡೆ ಕರ್ಕೊಂಡು ಹೋಗೂವರು ಯಾರು? ನಾವ ಅಲ್ಲೇನ್ರಿ? ಹಂಗಿದ್ದ ಮ್ಯಾಲೆ ಆ ಗಾಲಿ ಯಾತರ ಆಧಾರದ ಮ್ಯಾಲೆ ನಿಂತದ ಅಂತ ಕೇಳೂ ಹಕ್ಕೂ ನಮಗ ಅದ.

ಇತ್ತೀಚಿಗೆ ನಮ್ಮ ಓಣ್ಯಾಗ ಹುಡುಗರಿಗೆ ಒಂದು ಹುಚ್ಚು ಹತ್ತೇದ. ಕಾರು ತೊಗೊಂಡು ವರ್ಷ ಆಗೂದ್ರಾಗ ಕಂಪನಿ ಕೊಟ್ಟ ಗಾಲಿ ತಗದು, ಹೊರಗಿಂದ ದೊಡ್ಡ ಅಲಾಯ್ ಗಾಲಿ ತಂದು ಹಾಕಸೂದು. ಹಾಕಸಲಿ, ನನ್ನ ತಕರಾರಿಲ್ಲ. ನಮಗ ಹೆಂಗ ಇಳಕಲ್ ಸೀರಿ ಸೆರಗಿನ ಮ್ಯಾಲೆ ಜೀವ, ಅವರಿಗೆ ಹಂಗ ಗಾಲಿ ಮ್ಯಾಲೆ. ನಾ ಹೇಳೂದು ಇಷ್ಟ: ಹೊಸಾ ಗಾಲಿಗೆ ಕಾರಿನ ಹಳೇ ಸ್ಟಡ್ಡಿನ ಉದ್ದ ಸಾಲತದೋ ಇಲ್ಲೋ ಅಂತ ಅಳತಿ ಮಾಡದ ಹಾಕಸಬಾರದು. ಸಾಲದಿದ್ರ ಸರಿಯಾದ ಉದ್ದನ್ನ ಸ್ಟಡ್ ಹಾಕಸಬೇಕು, ಇಲ್ಲಾ ಆ ಗಾಲಿ ಆಸೆ ಬಿಡಬೇಕು. “ಏನಾಗೂದಿಲ್ಲ, ನಡೀತದ” ಅನ್ನೂದು ಅಳತಿ ಅಲ್ಲ.

ಈಗ ಸ್ಟಡ್ ಅಂದ್ರ ಏನು ಅಂತ ಹೇಳ್ತೀನಿ. ಕಾರಿನ ಗಾಲಿ ತಗದ್ರ ಒಳಗ ಒಂದು ದುಂಡನ ಕಬ್ಬಿಣದ ತಟ್ಟಿ ಕಾಣಸ್ತದ. ಅದಕ್ಕ ಹಬ್ ಅಂತಾರ. ಅದರಿಂದ ಹೊರಗ ನಾಕೋ ಐದೋ ದಪ್ಪ ಮಳಿ ಚಾಚಿಕೊಂಡಿರ್ತಾವ, ಮೈತುಂಬ ತಿರುಪಿನ ಸುತ್ತು ಇರ್ತಾವ. ಅವ ಸ್ಟಡ್ಡು. ಗಾಲಿ ತೂತಿನ್ಯಾಗ ಈ ಮಳಿ ಹಾಯಿಸಿ, ಹೊರಗಿಂದ ನಟ್ಟು ಹಾಕಿ ಬಿಗಿ ಮಾಡ್ತಾರ. ನಮ್ಮ ಹುಡುಗ್ಯಾರು ಕಿವಿಗೆ ಹಾಕ್ಕೊಳ್ಳೂ ಸ್ಟಡ್ಡೂ ಇದ ಜಾತಿದು ನೋಡ್ರಿ. ಮುಂದ ಹರಳು, ಹಿಂದ ಮಳಿ, ಮಳಿಗೆ ತಿರುಪು.

ಕಿವಿ ಉದಾಹರಣಿ ಹಿಡದ ಮುಂದ ಹೋಗೋಣು. ನಿಮ್ಮ ಹತ್ರ ಒಂದು ಹಗರನ ಓಲಿ ಅದ, ಅದರ ಮಳಿ ನಿಮ್ಮ ಕಿವಿಗೆ ಬರೋಬ್ಬರಿ ಅದ. ಈಗ ಓಲಿಗೂ ಕಿವಿಗೂ ನಡುವ ಒಂದು ದಪ್ಪ ಕಮಲದ ಹೂವಿನ ತಗಡು ಸೇರಿಸಿದ್ರಿ ಅಂತ ತಿಳೀರಿ. ಮಳಿ ಅಷ್ಟ ಉದ್ದ ಅದ, ಆದ್ರ ಅರ್ಧ ಮಳಿ ತಗಡಿನ್ಯಾಗನ ಮುಗದು ಹೋತು. ಹಿಂದ ತಿರುಪಿಗೆ ಸಿಗೂದು ಒಂದೋ ಎರಡೋ ಸುತ್ತು. ಮದವಿ ಮನ್ಯಾಗ ಊಟ ಮುಗಿಸಿ ಕೈ ತೊಳಿಯೂದ್ರಾಗ ಓಲಿ ಮಾಯ. ಅದಕ್ಕ ನಮ್ಮ ಅವ್ವಂದಿರು ಪತ್ತಾರನ ಕಡೆ ಹೋಗಿ “ಮಳಿ ಉದ್ದ ಮಾಡಿಕೊಡಪಾ” ಅಂತಿದ್ರು. ಬಂಗಾರ ಕಳಿಬಾರದು ಅನ್ನೂ ಬುದ್ಧಿ ಅದು. ಗಾಲಿ ವಿಷಯದಾಗ ಕಳಿಯೂದು ಬಂಗಾರಕ್ಕಿಂತ ದೊಡ್ಡದು.

ಕಾರಿನ್ಯಾಗೂ ಹಿಂಗ ಆಗತದ. ಕಂಪನಿ ಕೊಡೂ ಕಬ್ಬಿಣದ ಗಾಲಿ ನಟ್ಟು ಕೂಡೂ ಜಾಗಾದಾಗ ತೆಳ್ಳಗ ಇರ್ತದ, ತಗಡು ಕೆಲವ ಮಿಲಿಮೀಟರ್ ದಪ್ಪ. ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಮೆತ್ತಗಿನ ಧಾತು, ಅದಕ್ಕ ಅಲಾಯ್ ಗಾಲಿಗೆ ಅಲ್ಲೆ ಮೈ ದಪ್ಪ ಇಡಲಿಕ್ಕೆ ಬೇಕು. ಗಾಲಿ ದಪ್ಪ ಆದಷ್ಟೂ ಸ್ಟಡ್ ಅದರೊಳಗ ಮುಳಗತದ, ನಟ್ಟಿಗೆ ಉಳಿಯೂ ಸುತ್ತು ಕಡಿಮಿ ಆಗತಾವ. ಇದರ ಮ್ಯಾಲೆ ಸ್ಪೇಸರ್ ಅನ್ನೂ ತಟ್ಟಿ ಬ್ಯಾರೆ. ಗಾಲಿ ಒಳಗಿನ ಸಾಮಾನಿಗೆ ತಗಲತದ, ಇಲ್ಲಾ ಹೊರಗ ಚಾಚಿದ್ರ ಠೀವಿ ಕಾಣಸ್ತದ ಅಂತ ಹಬ್ಬಿಗೂ ಗಾಲಿಗೂ ನಡುವ ಇಡೂ ತಟ್ಟಿ ಅದು. ನಮ್ಮ ಓಲಿ ಹಿಂದಿನ ಕಮಲದ ತಗಡು ಇದ್ದಂಗ.

ಎಲ್ಲಾ ಅಲಾಯ್ ಗಾಲಿಗೂ ಉದ್ದನ್ನ ಸ್ಟಡ್ ಬೇಕಂತ ಅಲ್ಲ ಮತ್ತ. ಕಂಪನಿಯವರ ಅಲಾಯ್ ಹಾಕಿ ಕೊಟ್ಟ ಕಾರಿನ್ಯಾಗ ಅದಕ್ಕ ತಕ್ಕ ಉದ್ದ ಇಟ್ಟ ಕೊಟ್ಟಿರ್ತಾರ. ಹೊರಗಿನ ಗಾಲಿನೂ ಎಷ್ಟೋ ಹಳೇ ಸ್ಟಡ್ಡಿಗೆ ಸರಿ ಕೂಡತಾವ. ಕೂಡತದೋ ಇಲ್ಲೋ ಅನ್ನೂದನ್ನ ಕಣ್ಣಂದಾಜಲೆ ಹೇಳಬಾರದು, ಎಣಸಿ ಹೇಳಬೇಕು.

ಎಣಸೂದು ಹೆಂಗ? ಇದು ರೊಟ್ಟಿ ಲೆಕ್ಕಕ್ಕಿಂತ ಹಗರ. ಒಂದು ಸಾಮಾನ್ಯ ನಿಯಮ ಅದ: ಸ್ಟಡ್ ಎಷ್ಟು ದಪ್ಪ ಅದನೋ, ಕಡಿಮಿ ಅಂದ್ರ ಅಷ್ಟು ಉದ್ದ ನಟ್ಟಿನ ಒಳಗ ಹಿಡಿದಿರಬೇಕು. ಮಾರುತಿ ಸುಜುಕಿ ಸ್ವಿಫ್ಟ್ ಕಾರಿನ ಸ್ಟಡ್ ಎಂ12 × 1.25. ಅಂದ್ರ ದಪ್ಪ 12 ಮಿಲಿಮೀಟರ್, ನಟ್ಟು ಒಂದು ಸುತ್ತು ತಿರಗಿದ್ರ 1.25 ಮಿಲಿಮೀಟರ್ ಮುಂದ ಹೋಗತದ. 12ನ್ನ 1.25ರಿಂದ ಭಾಗಿಸಿದ್ರ 9.6. ಅಂದ್ರ ಹತ್ತು ಸುತ್ತು ಬೇಕು. ಹ್ಯುಂಡೈ, ಹೋಂಡಾ, ಟೊಯೊಟಾ ಕಾರುಗಳಿಗೆ ಹೆಚ್ಚಾಗಿ ಎಂ12 × 1.5 ಇರ್ತದ. ಅಲ್ಲೆ 12ನ್ನ 1.5ರಿಂದ ಭಾಗಿಸಿದ್ರ ಎಂಟು ಸುತ್ತು. ನಟ್ಟಿನ ಬಾಯಿ ಹತ್ರ ಸ್ವಲ್ಪ ಸಪಾಟ ಇರ್ತದ, ಅದಕ್ಕ ಒಂದು ಸುತ್ತು ಹೆಚ್ಚಿಗೆ ಬಂದ್ರ ಮನಸಿಗೆ ಸಮಾಧಾನ.

ಗಾಲಿ ಹಬ್ಬಿಗೆ ಪೂರಾ ತಾಗಿ ಕೂತಿರಬೇಕು. ಕಾರು ಜ್ಯಾಕಿನ ಮ್ಯಾಲೆ ಇರಬೇಕು, ಸಪಾಟ ನೆಲದ ಮ್ಯಾಲೆ, ಹ್ಯಾಂಡ್ ಬ್ರೇಕ್ ಎಳದು. ನಟ್ಟನ್ನ ಕೈಯಿಂದ ತಿರುಗಿಸ್ರಿ, ಸುತ್ತು ಎಣಸ್ರಿ, ಗಾಲಿಗೆ ತಾಗಿ ನಿಂದ್ರೂ ತನಕ. ಬಂದ ಸಂಖ್ಯಾ ಬರಕೊಳ್ರಿ. ಇದಕ್ಕ ಇಂಜಿನಿಯರಿಂಗ್ ಓದಬೇಕಂತಿಲ್ಲ. ಜಪಮಣಿ ಎಣಸಿದವರಿಗೆ ನಟ್ಟಿನ ಸುತ್ತು ಎಣಸೂದು ಏನು ಮಹಾ.

ನಮ್ಮ ಮೈದುನನ ಮಗಾ ತನ್ನ ಸ್ವಿಫ್ಟಿಗೆ ಹೊಸಾ ಗಾಲಿ ಹಾಕಸಿಕೊಂಡು ಬಂದಾಗ ನಾ ಇದನ್ನ ಮಾಡಿಸಿದೆ. ಆರು ಸುತ್ತಿಗೆ ನಟ್ಟು ನಿಂತು ಬಿಡ್ತು. ಒಳಗ ನೋಡಿದ್ರ 5 ಮಿಲಿಮೀಟರಿನ ಸ್ಪೇಸರ್. ಲೆಕ್ಕ ಹಾಕ್ರಿ: 5ನ್ನ 1.25ರಿಂದ ಭಾಗಿಸಿದ್ರ ನಾಕು. ಹತ್ತರಾಗ ನಾಕು ಸುತ್ತು ಆ ತಟ್ಟಿ ತಿಂದಿತ್ತು. ಹಾಕಿಕೊಟ್ಟ ಅಂಗಡಿಯವಗ ಫೋನ್ ಹಚ್ಚಿ ಕೇಳಿದ್ರ, “ಆರು ಸುತ್ತು ಸಾಕ್ರೀ, ಪಾನಾ ಹಾಕಿ ಗಟ್ಟಿ ಮಾಡೇವಿ” ಅಂದ.

ಈ “ಗಟ್ಟಿ ಮಾಡೇವಿ” ಅನ್ನೂ ಮಾತಿನ್ಯಾಗ ಒಂದು ತಪ್ಪು ತಿಳುವಳಿಕಿ ಅದ. ಗಾಲಿ ಮಳಿಗೆ ಜೋತು ಬಿದ್ದಿರ್ತದ ಅಂತ ಭಾಳ ಮಂದಿ ತಿಳಿದಾರ. ಖರೇ ಹೇಳಬೇಕಂದ್ರ ಅದು ಸೀರಿ ನಿರಗಿ ಇದ್ದಂಗ. ನಿರಗಿ ನಿಂತಿರೂದು ಪಿನ್ನಿನಿಂದೇನ್ರಿ? ಲಂಗದ ಲಾಡಿ ಬಿಗಿತದಿಂದ. ಲಾಡಿ ಸಡಲಾತು ಅಂದ್ರ ಪಿನ್ನು ಎಷ್ಟೊತ್ತು ತಡದೀತು? ಮೊದಲ ಸೀರಿ ಜಗ್ಗತದ, ಆಮ್ಯಾಲೆ ಪಿನ್ನು ಡೊಂಕಾಗತದ, ಕಡೀಕ ಅರಿವಿ ಹರದು ಬರ್ತದ. ನಟ್ಟು ಬಿಗಿ ಮಾಡಿದಾಗ ಸ್ಟಡ್ ಕಣ್ಣಿಗೆ ಕಾಣದಷ್ಟು ಎಳಕೊಂಡು ಸ್ಪ್ರಿಂಗಿನಂಗ ಗಾಲಿನ್ನ ಹಬ್ಬಿಗೆ ಒತ್ತಿ ಹಿಡೀತದ. ಆ ಒತ್ತಿನಿಂದ ಹುಟ್ಟಿದ ತಿಕ್ಕಾಟನ ಕಾರಿನ ಓಟ, ಬ್ರೇಕು, ತಿರುವು ಎಲ್ಲಾ ತಡಕೊಳ್ತದ. ಒತ್ತು ಕಡಿಮಿ ಆತು ಅಂದ್ರ ಗಾಲಿ ಕೂದಲೆಳಿಯಷ್ಟು ಅಲಗ್ಯಾಡಲಿಕ್ಕೆ ಸುರು ಮಾಡತದ, ಸ್ಟಡ್ಡು ಪ್ರತಿ ಸುತ್ತಿಗೂ ಡೊಂಕಾಗಿ ನೆಟ್ಟಗಾಗಿ ಬಸೀತದ. ತಂತಿನ್ನ ಹತ್ತು ಸಲ ಅತ್ಲಾಗ ಇತ್ಲಾಗ ಬಗ್ಗಿಸಿದ್ರ ಮುರದು ಬರ್ತದಲ್ಲ, ಹಂಗ. ಒಂದು ಮುರದ್ರ ಉಳದದ್ದರ ಮ್ಯಾಲೆ ಭಾರ ಬೀಳತದ.

ಕಡಿಮಿ ಸುತ್ತಿನ್ಯಾಗ ಹಿಡದ ನಟ್ಟನ್ನ ಪಾನಾ ಹಾಕಿ ಎಷ್ಟು ಗಟ್ಟಿ ಮಾಡಿದ್ರೂ ಆ ಕೆಲವ ಸುತ್ತಿನ ಮ್ಯಾಲೆನ ಎಲ್ಲಾ ಎಳತ ಬೀಳತದ. ಸುತ್ತು ಹರದು ನಟ್ಟು ಉಚ್ಚತದ. ಅಂದ್ರ ಗಟ್ಟಿ ಮಾಡಿದಷ್ಟೂ ಅಪಾಯ ಹೆಚ್ಚು. ಗ್ಯಾರೇಜಿನ್ಯಾಗ ನಿಂತಾಗ ಎಲ್ಲಾ ಸರಿ ಕಾಣಸ್ತದ, ರಸ್ತಾದಾಗ ತಗ್ಗಿಗೆ ಬಿದ್ದಾಗ ಗೊತ್ತಾಗತದ.

ಹಂಗಂತ “ಉದ್ದ ಆದಷ್ಟೂ ಛೊಲೊ” ಅನ್ನೂ ಮಾತನ್ನೂ ನಾ ಒಪ್ಪೂದಿಲ್ಲ. ಇದು ಇನ್ನೊಂದು ನಮೂನಿ ಹುಚ್ಚು. ನಟ್ಟಿನ್ಯಾಗ ಹೆಚ್ಚಿನ ಭಾರ ಹೊರೂದು ಗಾಲಿ ಕಡೆಗಿನ ಮೊದಲಿನ ಕೆಲವ ಸುತ್ತು. ಬೇಕಾದಷ್ಟು ಸುತ್ತು ಹಿಡದ ಮ್ಯಾಲೆ ನಟ್ಟಿನ ಹೊರಗ ಬೆರಳುದ್ದ ಮಳಿ ಚಾಚಿದ್ರ ಅದರಿಂದ ಗಟ್ಟಿತನ ಬರೂದಿಲ್ಲ. ತುಕ್ಕು ಹಿಡೀತದ, ಮಣ್ಣು ತುಂಬತದ, ಗಾಲಿ ನಡುವಿನ ಮುಚ್ಚಳಿ ಕೂಡೂದಿಲ್ಲ.

ಇದಕ್ಕಿಂತ ದೊಡ್ಡ ತೊಂದರಿ ಅಂದ್ರ ತಲಿ ಮುಚ್ಚಿದ ನಟ್ಟು. ಚಂದ ಕಾಣಲಿ ಅಂತ ಟೊಪ್ಪಿಗಿ ಇದ್ದಂಗ ಒಂದು ಕಡೆ ಮುಚ್ಚಿದ ನಟ್ಟು ಹಾಕತಾರ. ಸ್ಟಡ್ ಭಾಳ ಉದ್ದ ಇದ್ರ ಅದರ ತುದಿ ನಟ್ಟಿನ ಮುಚ್ಚಿದ ತಲಿಗೆ ಒಳಗಿಂದ ಹೋಗಿ ಬಡೀತದ. ನಟ್ಟು ಮುಂದ ತಿರಗೂದಿಲ್ಲ. ಪಾನಾ ಹಿಡದವಗ “ಗಟ್ಟಿ ಆತು” ಅನಸತದ. ಆದ್ರ ನಟ್ಟು ಗಾಲಿನ್ನ ಒತ್ತೇ ಇಲ್ಲ, ಸ್ಟಡ್ಡಿನ ತಲಿಗೆ ಡಿಕ್ಕಿ ಹೊಡದು ನಿಂತದ. ಉಪ್ಪಿನಕಾಯಿ ಭರಣಿ ಕಂಠಮಟ ತುಂಬಿದ್ರ ಮುಚ್ಚಳಿ ಹೋಳಿಗೆ ತಾಗಿ ನಿಂತು ಬಿಡತದಲ್ಲ, ಮುಚ್ಚಿದಂಗ ಕಾಣಸ್ತದ ಆದ್ರ ಗಾಳಿ ಹೋಗತಿರ್ತದ, ಥೇಟ ಹಂಗ. ಅದಕ್ಕ ಉದ್ದನ್ನ ಸ್ಟಡ್ ಹಾಕಸಿದವರು ಎರಡೂ ಕಡೆ ತೆರದ ನಟ್ಟು ಹಾಕಸಬೇಕು, ಇಲ್ಲಾ ಮುಚ್ಚಿದ ನಟ್ಟಿನ ಒಳಗಿನ ಆಳ ಅಳದು ನೋಡಬೇಕು. ತೆರದ ನಟ್ಟಿನ್ಯಾಗ ಇನ್ನೊಂದು ಉಪಕಾರ ಅದ: ಸ್ಟಡ್ಡಿನ ತುದಿ ನಟ್ಟಿನ ಬಾಯಿಗೆ ಬಂದದೋ ಇಲ್ಲೋ ಅನ್ನೂದು ಹೊರಗ ನಿಂತವರಿಗೂ ಕಾಣಸ್ತದ.

ಇನ್ನ ಸ್ಟಡ್ ಆರಿಸೂ ಮುಂದ ಅಂಗಡ್ಯಾಗ ಕೇಳಬೇಕಾದ್ದು ನಾಕು ಮಾತು. ಮನಿ ಹುಡುಗರಿಗೆ ಚೀಟ್ಯಾಗ ಬರದು ಕೊಡ್ರಿ.

ಮೊದಲನೇದು, ತಿರುಪಿನ ಅಳತಿ. 1.25ರ ಸ್ಟಡ್ಡಿಗೆ 1.5ರ ನಟ್ಟು ಹಾಕಿದ್ರ ಒಂದೆರಡು ಸುತ್ತು ಹೋಗಿ ಸಿಕ್ಕೊಳ್ತದ. ಅದನ್ನ ಮಷೀನಿನ ಗನ್ನಿನಿಂದ ಹೊಡದ್ರ ಎರಡರದೂ ಸುತ್ತು ಹಾಳು. ಒಂದು ಕಂಪನಿ ನಟ್ಟು ಇನ್ನೊಂದು ಕಂಪನಿ ಕಾರಿಗೆ ಹಾಕೂ ಮುಂದ ಕೈಯಿಂದ ಪೂರಾ ತಿರುಗಿಸಿ ನೋಡಬೇಕು.

ಎರಡನೇದು, ಉದ್ದ. ಹಬ್ಬಿನ ಮ್ಯಾಲೆ ಬ್ರೇಕಿನ ಡಿಸ್ಕೋ ಡ್ರಮ್ಮೋ ಕೂತಿರ್ತದಲ್ಲ, ಅದರ ಮುಖದಿಂದ ಹೊರಗ ಎಷ್ಟು ಚಾಚೇದ ಅನ್ನೂದ ಕೆಲಸದ ಉದ್ದ. ಎಷ್ಟು ಸುತ್ತು ಕಡಿಮಿ ಬಿದ್ದಾವೋ ಅದನ್ನ ಮಿಲಿಮೀಟರಿಗೆ ತಿರುಗಿಸಿ, ಸ್ವಲ್ಪ ಮ್ಯಾಲೆ ಇಟ್ಟು ಆರಿಸಬೇಕು. ನಮ್ಮ ಹುಡುಗನ ಕಾರಿಗೆ ನಾಕು ಸುತ್ತು, ಅಂದ್ರ 5 ಮಿಲಿಮೀಟರ್ ಕೊರತಿ. 10 ಮಿಲಿಮೀಟರ್ ಉದ್ದ ಹೆಚ್ಚಿದ್ದು ಸಾಕು. 30 ಬೇಕಾಗಿಲ್ಲ.

ಮೂರನೇದು, ಬುಡದ ಹಲ್ಲು. ಇದನ್ನ ಭಾಳ ಮಂದಿ ಮರೀತಾರ. ಸ್ಟಡ್ಡಿನ ತಲಿ ಕೆಳಗ ಸಣ್ಣ ಸಣ್ಣ ಗೆರಿ ಹೊಡದ ಭಾಗ ಇರ್ತದ. ಹಬ್ಬಿನ ತೂತಿಗೆ ಹಿಂದಿನಿಂದ ಒತ್ತಿ ಕೂಡಿಸಿದಾಗ ಆ ಗೆರಿ ತೂತಿನ ಗ್ವಾಡಿ ಕಚ್ಚಿ ಹಿಡೀತಾವ. ಈ ಭಾಗದ ದಪ್ಪ ಕಾರಿಂದ ಕಾರಿಗೆ ಬ್ಯಾರೆ. ಎರಡೂ ಎಂ12 × 1.5 ಇದ್ರೂ ಒಂದರ ಬುಡ ಇನ್ನೊಂದಕ್ಕ ಕೂಡೂದಿಲ್ಲ. ಸಣ್ಣದಾದ್ರ ನಟ್ಟು ತಿರುಗಿಸಿದಾಗ ಸ್ಟಡ್ಡೂ ಕೂಡ ಗರಗರ ತಿರಗತದ, ಆಮ್ಯಾಲೆ ಬಿಗಿನೂ ಆಗೂದಿಲ್ಲ ಬಿಚ್ಚಲಿಕ್ಕೂ ಬರೂದಿಲ್ಲ. ದೊಡ್ಡದನ್ನ ಬಡದು ಕೂಡಿಸಿದ್ರ ಹಬ್ಬಿಗೆ ಬಿರುಕು ಬಿಡೂ ಭಯ. ಹಳೇ ಸ್ಟಡ್ ಒಂದು ತಗದು, ವರ್ನಿಯರ್ ಕ್ಯಾಲಿಪರ್ ಹಿಡದು ಬುಡದ ದಪ್ಪ ಅಳೀಬೇಕು. ಕಾರಿನ ಹೆಸರು ಹೇಳಿ “ಅದಕ್ಕ ಕೂಡತದ” ಅಂದ್ರ ಸಾಲೂದಿಲ್ಲ.

ನಾಕನೇದು, ಕಬ್ಬಿಣದ ದರ್ಜೆ. ಛೊಲೊ ಸ್ಟಡ್ಡಿನ ತಲಿ ಮ್ಯಾಲೆ 10.9 ಅಂತ ಹೊಡದಿರ್ತದ. ಅದು ಕಬ್ಬಿಣ ಎಷ್ಟು ಎಳತ ತಡಕೊಳ್ತದ ಅನ್ನೂ ಗುರುತು. ಗುರುತಿಲ್ಲದ, ಬರೇ ಹೊಳಪಿದ್ದ ಸ್ಟಡ್ ಸಸ್ತಾ ಸಿಕ್ಕತಂತ ತರಬಾರದು.

ಕೂಡಿಸೂದೂ ಮುಖ್ಯ ಅದ. ಹಳೇದನ್ನ ತಗದು ಹೊಸಾದನ್ನ ಹಿಂದಿನಿಂದ ಒತ್ತೂ ಮಷೀನಿನ್ಯಾಗ ಒತ್ತಿಸಿದ್ರ ಛೊಲೊ. ಕೆಲವ ಕಾರಿನ್ಯಾಗ ಹಬ್ಬಿನ ಹಿಂದ ಜಾಗಾ ಇರೂದಿಲ್ಲ, ಹಬ್ ಬಿಚ್ಚಬೇಕಾಗತದ. ಅದನ್ನ ಉಳಿಸಲಿಕ್ಕೆ ಸುತಗಿಯಿಂದ ಬಡದ್ರ ಬೇರಿಂಗ್ ಪೆಟ್ಟು ತಿಂತದ. ಗನ್ನಿನಿಂದ ನಟ್ಟು ಹೊಡದು ಎಳದು ಕೂಡಿಸಿದ್ರ ಹೊಸಾ ಸ್ಟಡ್ಡಿನ ಸುತ್ತ ಎಳದು ಕೆಡತಾವ. ತಲಿ ಹಬ್ಬಿಗೆ ಪೂರಾ ತಾಗಿ ಕೂತದೋ ಇಲ್ಲೋ ನೋಡಬೇಕು. ನಡುವ ಸಂದು ಉಳದ್ರ ನಾಕು ದಿನ ಓಡಿದ ಮ್ಯಾಲೆ ಅದು ಕೂಡತದ, ಆವಾಗ ನಟ್ಟು ಸಡಲ ಆಗತದ.

ಬಿಗಿ ಮಾಡಲಿಕ್ಕೂ ಅಳತಿ ಅದ. ಅದಕ್ಕ ಟಾರ್ಕ್ ಪಾನಾ ಅಂತ ಇರ್ತದ, 12 ಮಿಲಿಮೀಟರ್ ಸ್ಟಡ್ಡಿನ ಕಾರುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್ ಒಳಗ ಬರ್ತದ. ನಿಮ್ಮ ಕಾರಿನ ಖರೇ ಸಂಖ್ಯಾ ಕಾರಿನ ಕೂಡ ಬಂದ ಪುಸ್ತಕದಾಗ ಇರ್ತದ. ಎದರ ಬದರ ನಟ್ಟು ಬಿಗಿ ಮಾಡ್ಕೊಂತ ಬರಬೇಕು, ಸಾಲಿನ್ಯಾಗ ಅಲ್ಲ. ಸುತ್ತಿಗೆ ಎಣ್ಣಿ, ಗ್ರೀಸ್ ಹಚ್ಚಬಾರದು. ಎಣ್ಣಿ ಹಚ್ಚಿದ್ರ ಪಾನಾ ಅದ ಸಂಖ್ಯಾ ತೋರಸ್ತದ, ಆದ್ರ ಸ್ಟಡ್ಡಿನ ಮ್ಯಾಲೆ ಎಳತ ಹೆಚ್ಚು ಬೀಳತದ. 50ರಿಂದ 100 ಕಿಲೋಮೀಟರ್ ಓಡಿಸಿದ ಮ್ಯಾಲೆ ಇನ್ನೊಮ್ಮೆ ಬಿಗಿತ ನೋಡಬೇಕು. ಹೊಸಾ ಗಾಲಿ ಹಾಕಿದ ದಿನಾನ ಕೂಡಲಸಂಗಮಕ್ಕ ಹೊಂಟ ನಿಂತ್ರ ನಡುವ ಎಲ್ಲ್ಯರ ನಿಂತು ಪಾನಾ ಹಾಕಿ ನೋಡ್ರಿ.

ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರು ಇದ್ದವರಿಗೆ ಬ್ಯಾರೆ ಮಾತು. ಅವಕ್ಕ ಸ್ಟಡ್ ಇರೂದಿಲ್ಲ, ಬೋಲ್ಟ್ ಇರ್ತದ. ಹೊರಗಿಂದ ಹಬ್ಬಿನ ತೂತಿನ್ಯಾಗ ಹೋಗಿ ಬಿಗಿ ಆಗತದ. ಅಲ್ಲೆ ಗಾಲಿ ದಪ್ಪಾದ್ರ ಉದ್ದನ್ನ ಬೋಲ್ಟ್ ಬೇಕು. ಆದ್ರ ಬೇಕಾದ್ದಕ್ಕಿಂತ ಉದ್ದಾದ್ರ ಅದರ ತುದಿ ಹಬ್ಬಿನ ಹಿಂದ ಬ್ರೇಕಿನ ಸಾಮಾನಿಗೆ ತಗಲೂ ಸಂಭವ ಅದ. ಹಾಕಿದ ಮ್ಯಾಲೆ ಗಾಲಿನ್ನ ಕೈಯಿಂದ ಒಂದು ಪೂರಾ ಸುತ್ತು ತಿರುಗಿಸಿ, ಕರಕರ ಸಪ್ಪಳ ಬರ್ತದೇನು ಅಂತ ಕೇಳಬೇಕು.

ಉದ್ದನ್ನ ಸ್ಟಡ್ ಹಾಕಸಿದ ಕೂಡಲೆ ಎಲ್ಲಾ ರೋಗ ವಾಸಿ ಆತು ಅಂತಲೂ ತಿಳೀಬ್ಯಾಡ್ರಿ. ನಟ್ಟು ಕೂಡೂ ಕುಳಿಯ ಆಕಾರ ನಟ್ಟಿನ ಆಕಾರಕ್ಕ ಹೊಂದಬೇಕು. ಹೊರಗಿನ ಅಲಾಯ್ ಗಾಲಿಗೆ ಹೆಚ್ಚಾಗಿ ಶಂಕುವಿನ ಆಕಾರದ ಕುಳಿ, ಹೋಂಡಾ ಕಂಪನಿ ಗಾಲಿಗೆ ಚೆಂಡಿನ ಆಕಾರದ್ದು, ಟೊಯೊಟಾದ ಎಷ್ಟೋ ಕಂಪನಿ ಅಲಾಯಿಗೆ ಚಪ್ಪಟಿ ವಾಶರ್ ಇದ್ದ ನಟ್ಟು. ಒಂದಕ್ಕ ಇನ್ನೊಂದು ಹಾಕಿದ್ರ ಇಡ್ಲಿ ತಟ್ಯಾಗ ಪಡ್ಡಿನ ಹಂಚು ಇಟ್ಟಂಗ, ಅಂಚಿಗಷ್ಟ ತಾಗಿರ್ತದ, ಕೂಡೂದಿಲ್ಲ. ಗಾಲಿ ನಡುವಿನ ದೊಡ್ಡ ತೂತೂ ಹಬ್ಬಿನ ಗುಂಡಿಗೆ ಹೊಂದಬೇಕು. ಸ್ವಿಫ್ಟಿನ ಅಳತಿ 54.1 ಮಿಲಿಮೀಟರ್. ಹೊರಗಿನ ಗಾಲಿ ಎಲ್ಲಾ ಕಾರಿಗೂ ಆಗಲಿ ಅಂತ ದೊಡ್ಡ ತೂತು ಇಟ್ಟಿರ್ತಾರ, ನಡುವಿನ ಸಂದಿಗೆ ಬಳಿ ಹಾಕಬೇಕು. ಇಲ್ಲಂದ್ರ ಗಾಲಿ ಸರಿಯಾಗಿ ನಡುವ ಕೂಡದ ಸ್ಟಿಯರಿಂಗ್ ನಡಗತದ.

ಕಾಯ್ದೆನೂ ಒಂದು ಅದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕ ವಿರುದ್ಧ ವಾಹನ ಬದಲು ಮಾಡಬಾರದು ಅಂತದ, 2019ರಾಗ ಸುಪ್ರೀಂ ಕೋರ್ಟೂ ಅದನ್ನ ಒತ್ತಿ ಹೇಳೇದ. ಗಾಲಿ ಅಳತಿ ಬದಲು ಮಾಡೂ ಮೊದಲ ವಿಮಾ ಕಂಪನಿಯವರಿಗೆ ಕೇಳಿ ಉತ್ತರ ಬರವಣಿಗ್ಯಾಗ ತೊಗೊಳ್ರಿ. ಬಾಯಿಮಾತು ಕ್ಲೇಮಿನ ಹೊತ್ತಿಗೆ ಯಾರಿಗೂ ನೆನಪಿರೂದಿಲ್ಲ.

ಇಷ್ಟೆಲ್ಲಾ ನೋಡಿದ ಮ್ಯಾಲೆ ನನ್ನ ಅಭಿಪ್ರಾಯ ಸಾಲಾಗಿ ಹೇಳ್ತೀನಿ. ಎಲ್ಲಕ್ಕಿಂತ ಛೊಲೊ ಅಂದ್ರ ಸ್ಪೇಸರ್ ಬೇಡದ, ಹಳೇ ಸ್ಟಡ್ಡಿಗ ಪೂರಾ ಸುತ್ತು ಸಿಗೂ ಗಾಲಿ ಆರಿಸೂದು. ಅದಾಗದಿದ್ರ ಅಳದು ತಂದ ಉದ್ದನ್ನ ಸ್ಟಡ್. ಗಿಡ್ಡ ಸ್ಟಡ್ಡಿನ ಮ್ಯಾಲೆ ಸ್ಪೇಸರ್ ಇಟ್ಟು ಓಡಸೂದು ಮಾತ್ರ ಬ್ಯಾಡ, ಒಂದು ದಿನಾನೂ ಬ್ಯಾಡ. ಗಾಲಿಗೆ, ಟಾಯರಿಗೆ ಹತ್ತಾರು ಸಾವಿರ ಸುರವಿದವರು ಸ್ಟಡ್ಡಿನ ರೊಕ್ಕಕ್ಕ ಹಿಂದ ಮುಂದ ನೋಡತಾರ, ಯಾಕಂದ್ರ ಸ್ಟಡ್ ಹೊರಗ ಕಾಣೂದಿಲ್ಲ. ರೇಶ್ಮಿ ಸೀರಿ ತೊಗೊಂಡು ಫಾಲ್ ಹಚ್ಚಲಿಕ್ಕೆ ಜಿಪುಣತನ ಮಾಡಿದವರ ಅಂಚು ಏನಾಗತದ ಅಂತ ನಿಮಗ ಗೊತ್ತು.

ಇನ್ನ ನಾ ಈ ವಿಷಯಕ್ಕ ಕೈ ಹಾಕಲಿಕ್ಕೆ ಮುಖ್ಯ ಕಾರಣ ಸ್ಟೆಪ್ನಿ. ಇದನ್ನ ಹುಡುಗರು ಯಾರೂ ಹೇಳೂದಿಲ್ಲ. ನಾಕು ಹೊಸಾ ಅಲಾಯ್ ಹಾಕಸಿರ್ತಾರ, ಡಿಕ್ಕಿ ಒಳಗ ಸ್ಟೆಪ್ನಿ ಮಾತ್ರ ಕಂಪನಿದ ಹಳೇ ಕಬ್ಬಿಣದ ಗಾಲಿ ಇರ್ತದ. ಈಗ ವಿಚಾರ ಮಾಡ್ರಿ. ಹೊತ್ತು ಮುಣುಗೂ ಹೊತ್ತಿಗೆ ಯಲ್ಲಾಪುರ ದಾಟಿ ಅರಬೈಲ್ ಘಾಟಿನ್ಯಾಗ ಗಾಲಿ ಪಂಕ್ಚರ್ ಆತು. ಕಾರಿನ್ಯಾಗ ನೀವು, ನಿಮ್ಮ ಮಗಳು, ಇಬ್ಬರ. ಯಾರೋ ಪುಣ್ಯಾತ್ಮ ಲಾರಿ ನಿಲ್ಲಿಸಿ ಸ್ಟೆಪ್ನಿ ಹಾಕಿಕೊಟ್ಟ. ಸ್ಟಡ್ ಈಗ ಉದ್ದನ್ನದು, ಗಾಲಿ ತೆಳ್ಳಂದು, ನಟ್ಟು ತಲಿ ಮುಚ್ಚಿದ್ದು. ಸ್ಟಡ್ ಹೋಗಿ ನಟ್ಟಿನ ತಲಿಗೆ ಬಡೀತು, ಅವಗ ಗಟ್ಟಿ ಅನಸ್ತು, ಗಾಲಿ ಒಳಗ ಸಡಲ. ಇಲ್ಲಾ ನಟ್ಟಿನ ಆಕಾರ ಆ ಕಬ್ಬಿಣದ ಗಾಲಿಗೆ ಕೂಡೂದಿಲ್ಲ. ಇಲ್ಲಾ ಕಳ್ಳರ ಭಯಕ್ಕ ಒಂದೊಂದು ಗಾಲಿಗೆ ಒಂದೊಂದು ಲಾಕ್ ನಟ್ಟು ಹಾಕಸಿರ್ತಾರ, ಅದರ ಕೀಲಿ ಮನ್ಯಾಗ ಮಗನ ಟೇಬಲ್ಲಿನ ಡ್ರಾದಾಗ. ಘಾಟಿನ್ಯಾಗ ನಿಂತ ನಮಗ ಇದ್ಯಾವುದೂ ಗೊತ್ತಿರೂದಿಲ್ಲ, ಯಾಕಂದ್ರ “ನಿಮಗ್ಯಾಕ ಬೇಕು” ಅಂತ ಮೊದಲ ಹೇಳಿ ಬಿಟ್ಟಿರ್ತಾರ.

ಅದಕ್ಕ ಹೊಸಾ ಗಾಲಿ ಬಂದ ಮನ್ಯಾಗ ಆ ವಾರದಾಗನ, ಹಗಲಿನ್ಯಾಗ, ಅಂಗಳದಾಗ, ಒಮ್ಮೆ ಸ್ಟೆಪ್ನಿ ಹಾಕಿಸಿ ನೋಡ್ರಿ. ನಿಮ್ಮ ಕಣ್ಣಮುಂದ ಹಾಕಲಿ. ಒಂದು ಮುಂದಿನ ಕಡೆ, ಒಂದು ಹಿಂದಿನ ಕಡೆ. ನಟ್ಟು ಗಾಲಿಗೆ ತಾಗಿ ನಿಂತದೋ, ಸ್ಟಡ್ಡಿಗೆ ತಾಗಿ ನಿಂತದೋ ನೋಡ್ರಿ. ಗಾಲಿ ಹಿಡದು ಅಲಗ್ಯಾಡಿಸ್ರಿ. ಆ ಸ್ಟೆಪ್ನಿಗೆ ಹೊಂದೂ ತೆರದ ನಟ್ಟು, ಸ್ವಿಫ್ಟಿನಂಥಾ ಕಾರಿಗೆ ನಾಕು, ಒಂದು ಹಳೇ ಕುಂಕುಮದ ಡಬ್ಬ್ಯಾಗೋ ಅರಿವಿ ಚೀಲದಾಗೋ ಹಾಕಿ, ಲಾಕ್ ನಟ್ಟಿನ ಕೀಲಿ ಕೂಡ ಇಟ್ಟು, ಡಿಕ್ಕಿ ಒಳಗ ಸ್ಟೆಪ್ನಿ ಹತ್ರ ಇಡ್ರಿ. ಮ್ಯಾಲೆ ದೊಡ್ಡ ಅಕ್ಷರದಾಗ “ಸ್ಟೆಪ್ನಿ ನಟ್ಟು” ಅಂತ ಬರೀರಿ. ಪ್ರವಾಸಕ್ಕ ಹೊಂಟಾಗ ಚಕ್ಕುಲಿ ಡಬ್ಬಿ, ನೀರಿನ ಬಾಟ್ಲಿ, ಔಷಧದ ಚೀಲ ಎಣಸೂವರು ನಾವ. ಆ ಯಾದ್ಯಾಗ ಇದೊಂದು ಸೇರಿಸಿಕೊಳ್ರಿ.

ಕೇಳೂ ಪ್ರಶ್ನಿ ಮೂರ ಮೂರು. ನಟ್ಟು ಎಷ್ಟು ಸುತ್ತಿಗೆ ಹಿಡದದ? ನಡುವ ಸ್ಪೇಸರ್ ಅದನೋ? ಸ್ಟೆಪ್ನಿ ಇದ ನಟ್ಟಿಗೆ ಕೂಡತದೋ? ಉತ್ತರ ಸಂಖ್ಯಾದಾಗ ಬಂದ್ರ ಕಾರು ಹತ್ರಿ. “ಅದೆಲ್ಲಾ ನೋಡೇವ್ರಿ” ಅಂತ ಬಂದ್ರ ಜ್ಯಾಕ್ ಹಚ್ಚಿಸಿ ಎಣಸೂ ತನಕ ಕೂಸಿನ್ನ ಆ ಕಾರಿನ್ಯಾಗ ಕೂಡಸಬ್ಯಾಡ್ರಿ. ಸಿಟ್ಟಾಗತಾರ, ಆಗಲಿ. ಎರಡು ದಿನದಾಗ ಇಳೀತದ.